ಕೊಲೆಯಲ್ಲ, ಹಾಗೆಂದು ನಿರ್ದೋಷವೂ ಅಲ್ಲ

2019ರ ಡಿಸೆಂಬರ್ 6ರ ಬೆಳಗಿನ ಜಾವ ಹೈದರಾಬಾದಿನ ಹೊರವಲಯದ ಚಟಾನ್‌ಪಲ್ಲಿಯಲ್ಲಿ, ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಸುದ್ದಿ ಹಬ್ಬಿದ ಕೆಲವೇ ಗಂಟೆಗಳಲ್ಲಿ ಜನ ಅಲ್ಲಿಗೆ ಬಂದು ಪೊಲೀಸರ ಮೇಲೆ ಹೂ ಎರಚಿದರು, ಸಿಹಿ ಹಂಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್‌ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಂದಾಗ, ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂಬ ತೀರ್ಮಾನವೂ ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕೆಂಬ ಶಿಫಾರಸೂ ಅದರಲ್ಲಿದ್ದವು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಹೆಣ್ಣುಮಗುವಿನ ಹತ್ಯೆಯ ಆರೋಪಿ ಪೊಲೀಸರ ಗುಂಡಿಗೆ ಬಲಿಯಾದಾಗಲೂ ಅಭಿನಂದನೆಗಳು ಹರಿದುಬಂದವು. ಆ ಪ್ರಕರಣದ ಸಂಗತಿಗಳು ಬೇರೆ, ಅದನ್ನು ಹೈದರಾಬಾದಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ನಮ್ಮ ಪ್ರತಿಕ್ರಿಯೆ ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಈ ಪ್ರತಿಕ್ರಿಯೆಯ ಹಿಂದೆ ಒಂದು ತರ್ಕವಿದೆ, ಅದಕ್ಕೆ ಧರ್ಮದ ಬೆಂಬಲವಿದೆ ಎಂಬ ನಂಬಿಕೆಯೂ ಇದೆ. ಕೊಲ್ಲುವುದೆಲ್ಲ ಕೊಲೆಯಲ್ಲ, ದುಷ್ಟನನ್ನು ಕೊಂದರೆ ಪಾಪವಿಲ್ಲ, ಆದ್ದರಿಂದ ಕೊಂದದ್ದು ಪುಣ್ಯದ ಕೆಲಸ ಎಂಬುದು ಆ ತರ್ಕದ ಸರಣಿ. ಮೊದಲ ಮಾತನ್ನು ಬಹುತೇಕ ಎಲ್ಲ ಧರ್ಮಗಳೂ ಒಪ್ಪುತ್ತವೆ. ಆತ್ಮರಕ್ಷಣೆ, ಯುದ್ಧ, ರಾಜದಂಡನೆ, ಕೈತಪ್ಪಿ ಆದ ಸಾವು ಇವನ್ನು ಕೊಲೆಯಿಂದ ಬೇರ್ಪಡಿಸದ ಧರ್ಮಶಾಸ್ತ್ರ ಸಿಗುವುದು ಕಷ್ಟ. ಎಡವಟ್ಟಾಗುವುದು ಆಮೇಲಿನ ಜಿಗಿತದಲ್ಲಿ. ಕೊಲೆ ಮತ್ತು ನಿರ್ದೋಷತೆಯ ನಡುವೆ ಈ ಪರಂಪರೆಗಳು ಮೂರನೆಯದೊಂದು ಜಾಗವನ್ನು ಬಿಟ್ಟಿದ್ದವು. ಅಲ್ಲಿ ನಿಂತವನು ಕೊಲೆಗಾರನಲ್ಲ, ಅವನಿಗೆ ಕೊಲೆಗಾರನ ಶಿಕ್ಷೆಯಿಲ್ಲ. ಆದರೂ ಅವನ ಕೈ ಶುದ್ಧವಾಗಿಲ್ಲ. ಧರ್ಮವನ್ನು ಉಲ್ಲೇಖಿಸಿ ಕೊಲ್ಲುವುದನ್ನು ಸಮರ್ಥಿಸುವ ಇಂದಿನ ಮಾತುಗಳಲ್ಲಿ ಕಾಣೆಯಾಗಿರುವುದು ಈ ನಡುವಿನ ಜಾಗವೇ.

ಇಂಥ ಚರ್ಚೆಗಳಲ್ಲಿ ಬರುವ ಮನುಸ್ಮೃತಿಯ ಶ್ಲೋಕವನ್ನೇ ನೋಡಬಹುದು. ಗುರುವಾಗಲಿ, ಬಾಲಕನಾಗಲಿ, ವೃದ್ಧನಾಗಲಿ, ಬಹುಶ್ರುತನಾದ ಬ್ರಾಹ್ಮಣನೇ ಆಗಲಿ, ಮೇಲೆರಗಿ ಬರುವ ಆತತಾಯಿಯನ್ನು ಹಿಂದುಮುಂದು ನೋಡದೆ ಕೊಲ್ಲಬಹುದು ಎನ್ನುತ್ತದೆ ಎಂಟನೇ ಅಧ್ಯಾಯ. ಬೆಂಕಿಯಿಡುವವನು, ವಿಷವಿಕ್ಕುವವನು, ಕೈಯಲ್ಲಿ ಶಸ್ತ್ರ ಹಿಡಿದವನು, ಧನ, ಹೊಲ ಮತ್ತು ಹೆಂಡತಿಯನ್ನು ಅಪಹರಿಸುವವನು ಎಂದು ಆತತಾಯಿಗಳನ್ನು ಆರು ಬಗೆಯಾಗಿ ವಸಿಷ್ಠ ಧರ್ಮಸೂತ್ರ ಎಣಿಸುತ್ತದೆ. ಶ್ಲೋಕದ ಪಟ್ಟು ಇರುವುದು ‘ಮೇಲೆರಗಿ ಬರುವ’ ಎಂಬ ಷರತ್ತಿನಲ್ಲಿ. ಅಪಾಯ ಎದುರಿಗೆ ನಿಂತಿರುವ ಗಳಿಗೆಗೆ ಕೊಟ್ಟ ಅನುಮತಿ ಅದು. ಬೇಡಿ ತೊಡಿಸಿ ಕರೆದೊಯ್ಯುತ್ತಿರುವವನಿಗೆ ಅನ್ವಯವಾಗುವ ಮಾತಲ್ಲ.

ಈ ಶ್ಲೋಕವನ್ನು ಹಳೆಯ ನಿಬಂಧಕಾರರೇ ಅಕ್ಷರಶಃ ಒಪ್ಪಿಕೊಳ್ಳಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ಗುರು, ಬ್ರಾಹ್ಮಣ ಮುಂತಾದವರ ಉಲ್ಲೇಖ ಅರ್ಥವಾದವೇ, ಅಂದರೆ ಒತ್ತು ಕೊಡಲು ಆಡಿದ ಮಾತೇ ಹೊರತು ಕೊಲ್ಲಬೇಕೆಂಬ ವಿಧಿಯಲ್ಲ ಎಂಬುದು ಅವನ ನಿಲುವು. ಬ್ರಾಹ್ಮಣ ಆತತಾಯಿಯನ್ನು ತಡೆಯಲು ಹೋದಾಗ, ಕೊಲ್ಲುವ ಉದ್ದೇಶವಿಲ್ಲದೆ, ಕೈಮೀರಿ ಅವನು ಸತ್ತರೆ ತಡೆದವನಿಗೆ ರಾಜದಂಡನೆಯಿಲ್ಲ. ಆದರೆ ಸಣ್ಣದಾದರೂ ಒಂದು ಪ್ರಾಯಶ್ಚಿತ್ತವಿದೆ. ರಾಜನ ಕಣ್ಣಿನಲ್ಲಿ ಅಪರಾಧವಿಲ್ಲ, ಆದರೂ ಸತ್ತವನ ಲೆಕ್ಕ ಇನ್ನೂ ಮುಗಿದಿಲ್ಲ. ಮೂರನೆಯ ಜಾಗ ಎಂದು ನಾನು ಹೇಳುತ್ತಿರುವುದು ಇದನ್ನೇ, ಮತ್ತು ಅದನ್ನು ಇಷ್ಟು ಖಚಿತವಾಗಿ ಗುರುತಿಸಿದವನು ಕನ್ನಡ ನೆಲದಲ್ಲಿ ಕುಳಿತು ಬರೆದವನು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ವಿಜ್ಞಾನೇಶ್ವರನ ಎಚ್ಚರ ಹುಟ್ಟಿದ್ದು ಸಾಯುವವನು ಬ್ರಾಹ್ಮಣನಾಗಿರುವಾಗ. ಮನುವಿನ ಹನ್ನೊಂದನೇ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಅಳತೆಯೇ ವರ್ಣಕ್ಕೆ ತಕ್ಕಂತೆ ಇಳಿಯುತ್ತದೆ: ಬ್ರಹ್ಮಹತ್ಯೆಗೆ ಹೇಳಿದ್ದರ ಕಾಲುಭಾಗ ಕ್ಷತ್ರಿಯನ ಹತ್ಯೆಗೆ, ಎಂಟನೇ ಒಂದು ಭಾಗ ವೈಶ್ಯನದಕ್ಕೆ, ಸದಾಚಾರಿಯಾದ ಶೂದ್ರನನ್ನು ಕೊಂದರೆ ಹದಿನಾರನೇ ಒಂದು ಭಾಗ. ಯಾರ ಸಾವು ಕೊಂದವನ ಕೈಯನ್ನು ಎಷ್ಟು ಕೊಳೆಯಾಗಿಸುತ್ತದೆ ಎಂಬುದನ್ನು ಸಮಾಜದ ಏಣಿಯೇ ನಿರ್ಧರಿಸುತ್ತಿತ್ತು. ಇದು ಹಿಂದೂ ಶಾಸ್ತ್ರಗಳಿಗಷ್ಟೇ ಅಂಟಿದ ದೋಷವಲ್ಲ. ಯಜಮಾನನ ಹೊಡೆತ ತಿಂದ ಗುಲಾಮ ಒಂದೆರಡು ದಿನ ಬದುಕುಳಿದರೆ ಯಜಮಾನನಿಗೆ ಶಿಕ್ಷೆಯಿಲ್ಲ, ಏಕೆಂದರೆ ಗುಲಾಮ ಅವನ ಸ್ವತ್ತು ಎಂದು ಬೈಬಲ್ಲಿನ ವಿಮೋಚನಕಾಂಡ ಹೇಳುತ್ತದೆ.

ಆದರೂ ಈ ನಡುವಿನ ಜಾಗವನ್ನು ಅತ್ಯಂತ ವಿವರವಾಗಿ ಕಟ್ಟಿಕೊಟ್ಟದ್ದು ಹೀಬ್ರೂ ಬೈಬಲ್ ಎಂದೇ ನನ್ನ ಅಭಿಪ್ರಾಯ. ಹತ್ತು ಆಜ್ಞೆಗಳಲ್ಲಿ ಕೊಲೆಯನ್ನು ನಿಷೇಧಿಸುವ ಅದೇ ಗ್ರಂಥ ಯುದ್ಧಕ್ಕೂ ಮರಣದಂಡನೆಗೂ ಅವಕಾಶ ಕೊಡುತ್ತದೆ ಎಂಬುದು ಎಲ್ಲರೂ ಎತ್ತುವ ಮಾತು. ಅದಕ್ಕಿಂತ ಕುತೂಹಲಕರವಾದದ್ದು ಆಕಸ್ಮಿಕ ಸಾವಿನ ವಿಧಿ. ಇಬ್ಬರು ಕಾಡಿನಲ್ಲಿ ಮರ ಕಡಿಯುತ್ತಿದ್ದಾರೆ. ಒಬ್ಬನ ಕೊಡಲಿಯ ಅಲಗು ಕಾವಿನಿಂದ ಕಳಚಿ ಇನ್ನೊಬ್ಬನಿಗೆ ಬಡಿದು ಅವನು ಸಾಯುತ್ತಾನೆ. ಇದು ಕೊಲೆಯಲ್ಲ ಎಂದು ಧರ್ಮೋಪದೇಶಕಾಂಡ ಸ್ಪಷ್ಟವಾಗಿ ಹೇಳುತ್ತದೆ. ಹಾಗೆಂದು ಅವನು ಕೊಡಲಿ ಹೆಗಲಿಗೇರಿಸಿಕೊಂಡು ಮನೆಗೆ ಹೋಗುವಂತಿಲ್ಲ. ಗೊತ್ತುಮಾಡಿದ ಆರು ಆಶ್ರಯನಗರಗಳಲ್ಲಿ ಒಂದಕ್ಕೆ ಅವನು ಓಡಬೇಕು, ಸಭೆಯ ಮುಂದೆ ವಿಚಾರಣೆಗೆ ನಿಲ್ಲಬೇಕು, ಉದ್ದೇಶವಿರಲಿಲ್ಲ ಎಂದು ತೀರ್ಮಾನವಾದ ಮೇಲೂ ಆಗಿನ ಮಹಾಯಾಜಕ ಸಾಯುವವರೆಗೆ ಆ ಊರಿನಲ್ಲೇ ಇರಬೇಕು. ಹಣ ಕೊಟ್ಟು ಬೇಗ ಬಿಡಿಸಿಕೊಂಡು ಹೋಗುವುದಕ್ಕೂ ಅವಕಾಶವಿಲ್ಲ. ಹಾಗೆಯೇ, ಹೊಲದಲ್ಲಿ ಹೆಣ ಬಿದ್ದಿದೆ, ಕೊಂದವರು ಯಾರೆಂದು ಗೊತ್ತಿಲ್ಲ ಎಂದಾದರೆ ಹಿರಿಯರು ಅಳತೆ ಮಾಡಿ ಅತ್ಯಂತ ಹತ್ತಿರದ ಊರು ಯಾವುದೆಂದು ಗುರುತಿಸಬೇಕು. ಆ ಊರಿನ ಹಿರಿಯರು ಒಂದು ಕಡಸನ್ನು ಹರಿಯುವ ಹಳ್ಳದ ಬಳಿಗೆ ಒಯ್ದು ಅದರ ಕತ್ತು ಮುರಿದು, ಅದರ ಮೇಲೆ ಕೈ ತೊಳೆದು, ಈ ರಕ್ತವನ್ನು ನಮ್ಮ ಕೈಗಳು ಸುರಿಸಲಿಲ್ಲ ಎಂದು ಹೇಳಬೇಕು. ಯಾರೂ ಅಪರಾಧಿಯಲ್ಲದಿದ್ದಾಗಲೂ ಸತ್ತವನ ಹೊಣೆ ಊರಿನದು ಎಂಬ ಭಾವನೆ ಈ ಆಚರಣೆಯಲ್ಲಿದೆ. ದೇವರ ಮೆಚ್ಚಿನ ರಾಜ ದಾವೀದನಿಗೂ ರಿಯಾಯಿತಿ ಸಿಗಲಿಲ್ಲ. ಅವನ ಯುದ್ಧಗಳನ್ನು ಆ ಗ್ರಂಥ ಕೊಲೆ ಎನ್ನುವುದಿಲ್ಲ. ಆದರೆ ಬಹಳ ರಕ್ತ ಸುರಿಸಿದವನೆಂಬ ಕಾರಣಕ್ಕೆ ದೇವಾಲಯ ಕಟ್ಟುವ ಕೆಲಸ ಅವನಿಂದ ತಪ್ಪಿ ಮಗ ಸೊಲೊಮೋನನ ಪಾಲಾಗುತ್ತದೆ.

ಕ್ರೈಸ್ತ ಚರ್ಚು ಇದೇ ಎಳೆಯನ್ನು ಕೆಲವು ಶತಮಾನ ಕಾಪಾಡಿಕೊಂಡು ಬಂತು, ಆಮೇಲೆ ಕೈಬಿಟ್ಟಿತು. ನಾಲ್ಕನೇ ಶತಮಾನದ ಬಿಷಪ್ ಬೆಸಿಲ್, ಯುದ್ಧದಲ್ಲಿ ಕೊಲ್ಲುವುದನ್ನು ಹಿರಿಯರು ಕೊಲೆಯೆಂದು ಎಣಿಸಲಿಲ್ಲ ಎಂದು ಬರೆದು, ಅದರ ಬೆನ್ನಿಗೇ ಅಂಥ ಸೈನಿಕರ ಕೈಗಳು ಶುದ್ಧವಾಗಿಲ್ಲದ ಕಾರಣ ಅವರು ಮೂರು ವರ್ಷ ಪವಿತ್ರ ಪ್ರಸಾದದಿಂದ ದೂರವಿರುವುದು ಒಳ್ಳೆಯದು ಎಂದು ಸಲಹೆ ಕೊಟ್ಟ. ಹತ್ತನೇ ಶತಮಾನದಲ್ಲಿ ಬೈಜಾಂಟೈನ್ ಚಕ್ರವರ್ತಿ ನೈಸೆಫೊರಸ್ ಫೋಕಸ್, ಯುದ್ಧದಲ್ಲಿ ಸತ್ತ ತನ್ನ ಸೈನಿಕರನ್ನು ಹುತಾತ್ಮ ಸಂತರೆಂದು ಸಾರಬೇಕೆಂದು ಚರ್ಚನ್ನು ಕೇಳಿದಾಗ, ಚರ್ಚಿನ ಮುಖ್ಯಸ್ಥನಾದ ಪೇಟ್ರಿಯಾರ್ಕನೂ ಬಿಷಪರೂ ಬೆಸಿಲನ ಆ ಸಲಹೆಯನ್ನೇ ಮುಂದಿಟ್ಟು ಆಗುವುದಿಲ್ಲ ಎಂದರು. ಅಧಿಕಾರಸ್ಥನೊಬ್ಬ ಯೋಧರಿಗೆ ಧರ್ಮದ ಹೂಮಾಲೆ ಬೇಡಿದಾಗ ಧರ್ಮಗುರುಗಳು ಇಲ್ಲವೆಂದದ್ದು ಚರಿತ್ರೆಯಲ್ಲಿ ದಿನನಿತ್ಯ ನಡೆಯುವ ಘಟನೆಯೇನಲ್ಲ.

ಪಶ್ಚಿಮದ ಕಥೆ ಇನ್ನೂ ಸ್ವಾರಸ್ಯಕರ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066ರ ಹೇಸ್ಟಿಂಗ್ಸ್ ಯುದ್ಧಕ್ಕೆ ಪೋಪರ ಸಮ್ಮತಿಯಿತ್ತು ಎಂದು ನಾರ್ಮನ್ ಪಕ್ಷದ ಬರಹಗಾರರೇ ಹೇಳಿಕೊಂಡಿದ್ದಾರೆ. ಹಾಗಿದ್ದೂ ಕೆಲವೇ ವರ್ಷಗಳಲ್ಲಿ ನಾರ್ಮನ್ ಬಿಷಪರು ಗೆದ್ದ ಸೈನಿಕರ ಮೇಲೆ ಪ್ರಾಯಶ್ಚಿತ್ತ ವಿಧಿಸಿದರು, ಪೋಪರ ಪ್ರತಿನಿಧಿ ಅದನ್ನು ಸ್ಥಿರಪಡಿಸಿದ. ಕೊಂದ ಪ್ರತಿಯೊಬ್ಬನಿಗೆ ಒಂದು ವರ್ಷ. ಗಾಯಗೊಳಿಸಿ, ಅವನು ಸತ್ತನೋ ಇಲ್ಲವೋ ತಿಳಿಯದಿದ್ದರೆ ಪ್ರತಿಯೊಬ್ಬನಿಗೆ ನಲವತ್ತು ದಿನ. ಎಷ್ಟು ಜನರನ್ನು ಕೊಂದೆನೆಂಬ ಲೆಕ್ಕವೇ ಇಲ್ಲದವನಿಗೆ ಬದುಕಿರುವವರೆಗೆ ವಾರಕ್ಕೊಂದು ದಿನ. ಯಾರನ್ನೂ ಹೊಡೆಯದೆ ಹೊಡೆಯುವ ಆಸೆ ಮಾತ್ರ ಪಟ್ಟವನಿಗೂ ಮೂರು ದಿನ. ಇದಾಗಿ ಮೂವತ್ತು ವರ್ಷವೂ ತುಂಬುವ ಮೊದಲು, 1095ರಲ್ಲಿ, ಕ್ಲೆರ್ಮಾಂಟ್ ಸಭೆಯಲ್ಲಿ ಎರಡನೇ ಅರ್ಬನ್ ಪೋಪ್ ಜೆರುಸಲೇಮಿನ ದಂಡಯಾತ್ರೆಗೆ ಕರೆಕೊಟ್ಟ. ಭಕ್ತಿಯಿಂದ ಹೊರಟವನಿಗೆ ಆ ಯಾತ್ರೆಯೇ ಎಲ್ಲ ಪ್ರಾಯಶ್ಚಿತ್ತಕ್ಕೂ ಬದಲಾಗುತ್ತದೆ ಎಂದು ಸಭೆ ನಿರ್ಣಯಿಸಿತು. ನಿನ್ನೆಯವರೆಗೆ ಪ್ರಾಯಶ್ಚಿತ್ತ ಬೇಡುತ್ತಿದ್ದ ಕೃತ್ಯ ಇಂದು ತಾನೇ ಪ್ರಾಯಶ್ಚಿತ್ತವಾಯಿತು. ಧಾರ್ಮಿಕ ಹಿಂಸೆಯ ಚರಿತ್ರೆಯನ್ನು ಬರೆಯುವವರು ಶಸ್ತ್ರಗಳ, ಸೈನ್ಯಗಳ ಲೆಕ್ಕ ಕೊಡುತ್ತಾರೆ. ನನಗೆ ಈ ಒಂದು ತಲೆಮಾರಿನ ಅಂತರದಲ್ಲಿ ಆದ ಪಲ್ಲಟವೇ ಹೆಚ್ಚು ಭಯಾನಕವಾಗಿ ಕಾಣುತ್ತದೆ.

ಇಸ್ಲಾಮಿನ ನಿಲುವು ಈಚೆಗೆ ಕನ್ನಡ ಪತ್ರಿಕೆಗಳಲ್ಲೂ ಚರ್ಚೆಗೆ ಬಂತು. 2025ರ ಜುಲೈನಲ್ಲಿ ಯೆಮನ್‌ನಲ್ಲಿ ಕೇರಳದ ನರ್ಸ್ ಒಬ್ಬರ ಗಲ್ಲುಶಿಕ್ಷೆ ಮುಂದಕ್ಕೆ ಹೋದಾಗ ‘ಬ್ಲಡ್ ಮನಿ’, ಅಂದರೆ ಸತ್ತವನ ಕುಟುಂಬಕ್ಕೆ ಕೊಡುವ ಪರಿಹಾರಧನ, ಎಂಬ ಮಾತು ಎಲ್ಲರ ಬಾಯಲ್ಲೂ ಓಡಾಡಿತು. ಉದ್ದೇಶಪೂರ್ವಕ ಕೊಲೆಯಲ್ಲಿ ಪ್ರತೀಕಾರ ಕೇಳುವ ಹಕ್ಕು ಸತ್ತವನ ವಾರಸುದಾರರದು, ಕ್ಷಮಿಸುವ ಹಕ್ಕೂ ಅವರದೇ ಎಂಬ ವಿಧಿಯ ಫಲ ಅದು. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರವಾದದ್ದು ಕುರ್‌ಆನಿನ ನಾಲ್ಕನೇ ಅಧ್ಯಾಯದ 92ನೇ ವಚನ. ತಪ್ಪಿ ಒಬ್ಬ ವಿಶ್ವಾಸಿಯನ್ನು ಕೊಂದವನು ಅವನ ಕುಟುಂಬಕ್ಕೆ ಪರಿಹಾರ ಕೊಟ್ಟು ಸುಮ್ಮನಾಗುವಂತಿಲ್ಲ. ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು, ಅದು ಸಾಧ್ಯವಿಲ್ಲದಿದ್ದರೆ ಸತತವಾಗಿ ಎರಡು ತಿಂಗಳು ಉಪವಾಸವಿರಬೇಕು. ಪರಿಹಾರವನ್ನು ಕುಟುಂಬ ಬಿಟ್ಟುಕೊಡಬಹುದು. ಉಪವಾಸವನ್ನು ಬಿಟ್ಟುಕೊಡಲು ಅದು ಅವರದಲ್ಲ, ಕೊಂದವನಿಗೂ ದೇವರಿಗೂ ನಡುವಿನದು.

ಬುದ್ಧ ಈ ವಿಷಯದಲ್ಲಿ ಯಾರಿಗೂ ಸಮಾಧಾನ ಹೇಳಲು ಹೋಗಲಿಲ್ಲ. ರಣದಲ್ಲಿ ಹೋರಾಡಿ ಸತ್ತವನು ಸ್ವರ್ಗಕ್ಕೆ ಹೋಗುತ್ತಾನೆಂದು ಹಿರಿಯರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು ಯೋಧನೊಬ್ಬ ಕೇಳಿದಾಗ ಅವನು ಎರಡು ಸಲ ‘ಅದನ್ನು ಕೇಳಬೇಡ’ ಎಂದ. ಮೂರನೇ ಸಲ ಪಟ್ಟು ಹಿಡಿದಾಗ, ಇವರು ಸಾಯಲಿ ಎಂಬ ಚಿತ್ತದಲ್ಲಿ ಸತ್ತವನಿಗೆ ನರಕವೇ ಗತಿ ಎಂದ. ಯೋಧ ಅತ್ತನಂತೆ. ಅಶೋಕನಲ್ಲಿ ಈ ಉಪದೇಶ ರಾಜ್ಯಾಡಳಿತದ ಜೊತೆ ತಿಕ್ಕಾಡುವುದನ್ನು ನೋಡಬಹುದು. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರೆಂದೂ ಅವನ ಹದಿಮೂರನೇ ಶಾಸನ ಪಶ್ಚಾತ್ತಾಪದಿಂದ ಹೇಳುತ್ತದೆ, ಅದೇ ಉಸಿರಿನಲ್ಲಿ ಅಡವಿಯ ಜನರಿಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಮರಣದಂಡನೆಯನ್ನು ಅವನು ರದ್ದುಮಾಡಲಿಲ್ಲ; ಶಿಕ್ಷೆಗೊಳಗಾದವರಿಗೆ ಮೂರು ದಿನಗಳ ಗಡುವು ಕೊಟ್ಟ, ಬಂಧುಗಳು ಪ್ರಾಣಭಿಕ್ಷೆ ಬೇಡಲಿ, ಇಲ್ಲವೇ ಅವರು ಪರಲೋಕಕ್ಕೆ ಸಿದ್ಧರಾಗಲಿ ಎಂದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿರುವ ಅವನ ಪ್ರತ್ಯೇಕ ಶಾಸನ, ನ್ಯಾಯ ನೋಡುವ ಅಧಿಕಾರಿಗಳು ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯಗಳಿಂದ ದೂರವಿರಬೇಕೆಂದು ತಾಕೀತು ಮಾಡುತ್ತದೆ. ಆ ಪಟ್ಟಿಯಲ್ಲಿ ಕ್ರೌರ್ಯದ ಜೊತೆ ಆತುರವೂ ಇರುವುದನ್ನು ಗಮನಿಸಬೇಕು.

ಜೈನಧರ್ಮ ಈ ಪ್ರಶ್ನೆಯನ್ನು ಬೇರೆಲ್ಲರಿಗಿಂತ ಹೆಚ್ಚು ಸೂಕ್ಷ್ಮವಾಗಿ ಬಿಡಿಸಿತು, ಮತ್ತು ಅದರ ಬಹುದೊಡ್ಡ ಪ್ರಯೋಗಶಾಲೆ ಕರ್ನಾಟಕವೇ ಆಗಿತ್ತು. ತತ್ತ್ವಾರ್ಥಸೂತ್ರ ಹಿಂಸೆಗೆ ಕೊಡುವ ಲಕ್ಷಣ ಬರಿಯ ಪ್ರಾಣಹಾನಿಯಲ್ಲ, ಪ್ರಮಾದದಿಂದ ಕೂಡಿದ ಪ್ರಾಣಹಾನಿ. ರಾಗದ್ವೇಷಗಳಿಂದ ಕಲುಷಿತವಾದ, ಎಚ್ಚರ ತಪ್ಪಿದ ಮನಸ್ಸೇ ಪ್ರಮಾದ. ನೆಲ ನೋಡಿಕೊಂಡು ನಡೆಯುವ ಮುನಿಯ ಕಾಲಡಿಗೆ ಸಿಕ್ಕಿ ಹುಳು ಸತ್ತರೆ ಅವನಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆದವನ ಕಾಲಡಿ ಏನೂ ಸಾಯದಿದ್ದರೂ ಅವನು ಹಿಂಸಕನೇ. ದಿನವಿಡೀ ಬಲೆ ಬೀಸಿ ಒಂದು ಮೀನೂ ಸಿಗದ ಬೆಸ್ತನಿಗೆ ಪಾಪ, ನೆಲ ಉತ್ತು ಅಸಂಖ್ಯ ಜೀವಗಳನ್ನು ಕೊಲ್ಲುವ ರೈತನಿಗೆ ಅದಿಲ್ಲ ಎಂಬ ಉದಾಹರಣೆಯೂ ಇದೆ. ಬೆಸ್ತನ ಮಟ್ಟಿಗೆ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಅವನ ಸಂಕಲ್ಪವೂ ಮಕ್ಕಳ ಹೊಟ್ಟೆ ತುಂಬಿಸುವುದೇ ಆಗಿರುತ್ತದೆ. ಆದರೆ ತರ್ಕದ ದಿಕ್ಕು ಸ್ಪಷ್ಟವಾಗಿದೆ. ಈ ತರ್ಕವನ್ನು ಅದರ ಕೊನೆಯವರೆಗೂ ಒಯ್ದವನು ಹದಿಮೂರನೇ ಶತಮಾನದ ಆರಂಭದಲ್ಲಿ ಯಶೋಧರ ಚರಿತೆಯನ್ನು ಬರೆದ ಜನ್ನ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರ ದೇವಿಗೆ ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಕತ್ತಿ ಬಿದ್ದಾಗ ಅದು ಕೂಗುತ್ತದೆ. ಒಂದು ಜೀವವನ್ನೂ ಕೊಲ್ಲದ ಆ ಸಂಕಲ್ಪಕ್ಕಾಗಿ ತಾಯಿಮಗ ಇಬ್ಬರೂ ನವಿಲಾಗಿ, ನಾಯಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ.

ಹಿಟ್ಟಿನ ಕೋಳಿಯನ್ನು ಕಡಿದವನಿಗೆ ಇಷ್ಟು ಭವಗಳಾದರೆ, ರಣರಂಗದಲ್ಲಿ ಮನುಷ್ಯರನ್ನು ಕಡಿದ ಜೈನ ದಂಡನಾಯಕರ ಗತಿಯೇನು? ಗಂಗರ ಮಂತ್ರಿ, ಸೇನಾನಿ ಚಾವುಂಡರಾಯನಿಗೆ ಸಮರಪರಶುರಾಮ, ವೀರಮಾರ್ತಾಂಡ ಎಂಬ ಬಿರುದುಗಳಿದ್ದವು, ಸರಿಯಾದ ಶ್ರದ್ಧೆಯ ಸಾಗರ ಎಂಬರ್ಥದ ಸಮ್ಯಕ್ತ್ವರತ್ನಾಕರ ಎಂಬ ಬಿರುದೂ ಇತ್ತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರನ್ನು ತಲಕಾಡಿನಿಂದ ಓಡಿಸಿದ, ಗೊಮ್ಮಟೇಶ್ವರನ ಸುತ್ತಾಲಯವನ್ನೂ ಕಟ್ಟಿಸಿದ. ಇದಕ್ಕೆ ಜೈನರು ಕೊಡುವ ಉತ್ತರ ಹಿಂಸೆಯ ನಾಲ್ಕು ವಿಭಾಗಗಳಲ್ಲಿದೆ: ಬೇಕೆಂದೇ ಮಾಡುವ ಸಂಕಲ್ಪಿ, ಮನೆಗೆಲಸದಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ಎದುರಾಳಿಯನ್ನು ತಡೆಯುವಾಗ ಆಗುವ ವಿರೋಧಿ. ಗೃಹಸ್ಥ ಬಿಡಲೇಬೇಕಾದದ್ದು ಮೊದಲನೆಯದನ್ನು ಮಾತ್ರ. ಆದರೆ ಉಳಿದ ಮೂರಕ್ಕೂ ಹಿಂಸೆ ಎಂಬ ಹೆಸರು ಅಂಟಿಕೊಂಡೇ ಇದೆ. ಅನುಮತಿ ಸಿಕ್ಕಿತೆಂದು ಅವು ಅಹಿಂಸೆಯಾಗಿಬಿಡಲಿಲ್ಲ. ಅನೇಕ ಯುದ್ಧಗಳನ್ನು ಗೆದ್ದ ಗಂಗ ದೊರೆ ಮಾರಸಿಂಹ ಪಟ್ಟ ಬಿಟ್ಟು, 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸಾನ್ನಿಧ್ಯದಲ್ಲಿ ಮೂರು ದಿನಗಳ ಸಲ್ಲೇಖನ, ಅಂದರೆ ಆಹಾರ ತ್ಯಜಿಸಿ ಸಾವನ್ನು ಎದುರುಗೊಳ್ಳುವ ವ್ರತ, ಮಾಡಿ ತೀರಿಕೊಂಡ. ಸಲ್ಲೇಖನ ಯುದ್ಧಕ್ಕೆ ಪ್ರಾಯಶ್ಚಿತ್ತವಲ್ಲ, ಹಾಗೆ ಓದುವುದು ತಪ್ಪಾದೀತು. ಆದರೆ ಗೆಲುವುಗಳ ಸಾಲನ್ನೂ ಕತ್ತಿ ಕೆಳಗಿಟ್ಟ ಸಂಗತಿಯನ್ನೂ ಒಂದೇ ಶಾಸನ ಒಟ್ಟಿಗೆ ಹೇಳುತ್ತದೆ.

ಈ ನಡುವಿನ ಜಾಗವನ್ನೇ ಅಳಿಸಿಹಾಕಬಲ್ಲ ಮಾತುಗಳೂ ಧರ್ಮಗ್ರಂಥಗಳಲ್ಲಿವೆ. ಆತ್ಮ ಕೊಲ್ಲುವುದೂ ಇಲ್ಲ, ಕೊಲ್ಲಲ್ಪಡುವುದೂ ಇಲ್ಲ ಎಂಬ ಗೀತೆಯ ವಾದ, ಅಹಂಭಾವವಿಲ್ಲದವನು ಈ ಲೋಕಗಳನ್ನೆಲ್ಲ ಕೊಂದರೂ ಕೊಂದವನಲ್ಲ ಎಂಬ ಹದಿನೆಂಟನೇ ಅಧ್ಯಾಯದ ಮಾತು ಅಂಥವು. ಕೊಲೆ ಆರೋಪಿಯ ಪರ ವಕೀಲನಾಗಿ ನಿಂತು ಕೃಷ್ಣ ಈ ವಾದ ಮಂಡಿಸಿದರೆ ಅವನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಾರೆ ಎಂದು ಅಂಬೇಡ್ಕರ್ ಬರೆದರು. ಗೀತೆಯನ್ನು ಅಂತರಂಗದ ಹೋರಾಟವೆಂದು ಓದಿದ ಗಾಂಧಿಯವರು ಈ ಕಷ್ಟದಿಂದ ಇನ್ನೊಂದು ದಾರಿಯಲ್ಲಿ ಪಾರಾದರು. ಮಹಾಭಾರತವಂತೂ ಅರ್ಜುನನಿಗೆ ಸಿಕ್ಕ ಉತ್ತರದಲ್ಲಿ ನಿಲ್ಲುವುದಿಲ್ಲ. ಗೆದ್ದ ಯುಧಿಷ್ಠಿರನಿಗೆ ಆ ಉತ್ತರ ಸಾಲುವುದಿಲ್ಲ. ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ಅವನನ್ನು ಒಪ್ಪಿಸಲು ತಮ್ಮಂದಿರು, ದ್ರೌಪದಿ, ವ್ಯಾಸ, ಶರಶಯ್ಯೆಯ ಭೀಷ್ಮ ಎಲ್ಲರೂ ಬೇಕಾಗುತ್ತಾರೆ, ಕೊನೆಗೆ ಪಾಪಪರಿಹಾರಕ್ಕೆಂದು ಅಶ್ವಮೇಧವೂ ನಡೆಯಬೇಕಾಗುತ್ತದೆ. ಧರ್ಮಯುದ್ಧವೆಂದೇ ಕರೆದ ಯುದ್ಧದ ನಂತರ ಇಷ್ಟೆಲ್ಲ ಯಾಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಗೀತೆಯ ಒಂದೆರಡು ಶ್ಲೋಕಗಳನ್ನು ಮಾತ್ರ ಉಲ್ಲೇಖಿಸುವವರು ಕೇಳಿಕೊಳ್ಳುವುದಿಲ್ಲ.

ಆಧುನಿಕ ಕಾನೂನು ಈ ಹೊರೆಯನ್ನು ಹೊತ್ತಿಲ್ಲ, ಅದು ಹೊರಬೇಕೆಂದು ನಿರೀಕ್ಷಿಸುವುದೂ ಕಷ್ಟ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ದಂಡನಾರ್ಹ ನರಹತ್ಯೆಯನ್ನು 100ನೇ ಕಲಮಿನಲ್ಲೂ ಕೊಲೆಯನ್ನು 101ನೇ ಕಲಮಿನಲ್ಲೂ ಬೇರೆಬೇರೆಯಾಗಿ ವಿವರಿಸುತ್ತದೆ. ಉದ್ದೇಶ, ತಿಳಿವಳಿಕೆ, ಪ್ರಚೋದನೆಗಳನ್ನು ಅಳೆಯುತ್ತದೆ. ಆದರೆ ಆತ್ಮರಕ್ಷಣೆಯ ವಿಷಯ ಬಂದಾಗ, ಆ ಹಕ್ಕಿನ ಚಲಾವಣೆಯಲ್ಲಿ ಮಾಡಿದ್ದು ಯಾವುದೂ ಅಪರಾಧವಲ್ಲ ಎಂದು 34ನೇ ಕಲಮು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಕಾನೂನಿನಲ್ಲಿ ಆಮೇಲೆ ಉಳಿಯುವುದು ಏನೂ ಇಲ್ಲ. ಹಿಂದೆ ಪ್ರಾಯಶ್ಚಿತ್ತ, ಆಶ್ರಯನಗರ, ಉಪವಾಸ ಎಂದು ಧರ್ಮ ತುಂಬುತ್ತಿದ್ದ ಆ ಖಾಲಿ ಜಾಗವನ್ನು ಈಗ ಸನ್ಮಾನ ಸಮಾರಂಭಗಳು ತುಂಬುತ್ತಿವೆ.

ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್‌ನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ, ಪೊಲೀಸ್ ಗುಂಡಿನಿಂದ ಸಾವು ಸಂಭವಿಸಿದಾಗ ಅನುಸರಿಸಬೇಕಾದ ಹದಿನಾರು ಸೂಚನೆಗಳನ್ನು ಕೊಟ್ಟಿತು. ಎಫ್‌ಐಆರ್ ದಾಖಲಾಗಬೇಕು, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ನಡೆಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಇವೆಲ್ಲ ಕೊಲೆಯೋ ಅಲ್ಲವೋ ಎಂದು ಪತ್ತೆಮಾಡುವ ಕ್ರಮಗಳು. ಅವುಗಳ ನಡುವೆ ಸ್ವಭಾವದಲ್ಲೇ ಬೇರೆಯಾದ ಒಂದು ಸೂಚನೆಯಿದೆ: ಘಟನೆಯ ಬೆನ್ನಿಗೇ ಸಂಬಂಧಪಟ್ಟ ಅಧಿಕಾರಿಗಳಿಗೆ ಸರದಿ ಮೀರಿದ ಬಡ್ತಿಯನ್ನಾಗಲಿ ಶೌರ್ಯ ಪ್ರಶಸ್ತಿಯನ್ನಾಗಲಿ ಕೊಡಕೂಡದು, ಶೌರ್ಯ ನಿಸ್ಸಂದೇಹವಾಗಿ ಸಾಬೀತಾದ ಮೇಲೆ ಮಾತ್ರ ಶಿಫಾರಸು ಮಾಡಬೇಕು. ಸುಳ್ಳು ಎನ್‌ಕೌಂಟರ್‌ಗಳಿಗೆ ಪ್ರಲೋಭನೆ ಸಿಗಬಾರದೆಂಬ ವ್ಯಾವಹಾರಿಕ ಕಾರಣ ಅದಕ್ಕಿದೆ. ಆದರೆ ನಿಜವಾಗಿಯೂ ಆತ್ಮರಕ್ಷಣೆಗೆ ಗುಂಡು ಹಾರಿಸಿದ ಅಧಿಕಾರಿಯೂ ಕಾಯಬೇಕು ಎಂಬಲ್ಲಿ ಆ ಸೂಚನೆ ಬೆಸಿಲನ ಮೂರು ವರ್ಷಗಳಿಗೂ ವಿಜ್ಞಾನೇಶ್ವರನ ಸಣ್ಣ ಪ್ರಾಯಶ್ಚಿತ್ತಕ್ಕೂ ದೂರದ ನೆಂಟನಂತೆ ಕಾಣುತ್ತದೆ. ಅದು ಕಟ್ಟುಹಾಕುವುದು ಸರ್ಕಾರವನ್ನು ಮಾತ್ರ. ಹಾರ ತುರಾಯಿ ಹಿಡಿದು ಠಾಣೆಗೆ ಬರುವ ಸಂಘಸಂಸ್ಥೆಗಳಿಗೆ, ಕ್ಷೀರಾಭಿಷೇಕದ ಫ್ಲೆಕ್ಸ್ ಕಟ್ಟಿಸುವವರಿಗೆ ಅನ್ವಯವಾಗುವ ಸೂಚನೆ ಯಾವ ನ್ಯಾಯಾಲಯದಲ್ಲೂ ಇಲ್ಲ.